ತವರಿನ ಟ್ರ್ಯಾಕ್ಟರು

ನಮ್ಮ ಬೀದಿಯಲ್ಲಿ ಕಬ್ಬಿಣ ಕಡೆದು ಕೊಡುವ ಲೇತ್ ಅಂಗಡಿಗೆ ಬೋರ್ಡಿಲ್ಲ. ಬಸ್ಸಿಳಿದು ‘ಲೇತ್ ಅಕ್ಕನ ಅಂಗಡಿ ಎಲ್ಲಿ’ ಎಂದು ಕೇಳಿದರೆ ಯಾರು ಬೇಕಾದರೂ ಕೈ ತೋರಿಸುತ್ತಾರೆ. ಪಕ್ಕದ್ದು ನನ್ನ ಅಂಗಡಿ. ಗಾಡಿಗಳ ಸೀಟು ಹೊಲಿಯುವುದು ನನ್ನ ಕಸುಬು. ಎರಡಕ್ಕೂ ನಡುವೆ ಒಂದು ತಗಡಿನ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ. ಹಾಗಾಗಿ ಈಗ ಹೇಳಹೊರಟಿರುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದದ್ದು ತಗಡಿನಾಚೆಯಿಂದ ಕೇಳಿಸಿಕೊಂಡದ್ದು.

ಲೇತು ಮೊದಲು ಅಕ್ಕನ ಗಂಡನದಾಗಿತ್ತು. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳುತ್ತಿದ್ದರು ಎಂದಲ್ಲ, ಬಂದ ಗಿರಾಕಿಗೆಲ್ಲ ಬುದ್ಧಿ ಹೇಳುತ್ತಿದ್ದರು ಎಂದು. ಕೈ ನಡುಗುವ ಕಾಯಿಲೆ ಬಂದ ಮೇಲೆ ಅವರು ಬಾಗಿಲ ಬಳಿಯ ಕುರ್ಚಿಗೆ ಬಂದರು, ಅಕ್ಕ ಲೇತಿನ ಮುಂದೆ ನಿಂತರು. ಬಾಯಿಗೇನೂ ನಡುಕ ಬಂದಿರಲಿಲ್ಲವಾಗಿ ಮೇಷ್ಟ್ರ ಉಪದೇಶ ಕುರ್ಚಿಯಿಂದಲೇ ಮುಂದುವರಿಯಿತು. ಅಕ್ಕ ಎಲ್ಲದಕ್ಕೂ ‘ಹೂಂ ರೀ’ ಎನ್ನುತ್ತಿದ್ದರು, ಆಮೇಲೆ ತಮಗೆ ಸರಿ ಕಂಡಂತೆ ಮಾಡುತ್ತಿದ್ದರು. ಗಿಡ್ಡಗಿನ ಆಳು. ಲೇತಿನ ಹಿಡಿಕೆ ಎಟುಕಲೆಂದು ಮರದ ಹಲಗೆಯ ಮೇಲೆ ನಿಂತು ಕೆಲಸ ಮಾಡುವವರು.

ಒಂದು ಬೆಳಿಗ್ಗೆ ಊರಾಚೆಯ ಹೂಗಿಡದ ನರ್ಸರಿಯವರು ಹಳೆಯ ಟ್ರ್ಯಾಕ್ಟರೊಂದನ್ನು ಓಡಿಸಿಕೊಂಡು ಬಂದರು. ಓಡಿಸಿಕೊಂಡು ಎನ್ನುವುದಕ್ಕಿಂತ ಒದ್ದಾಡಿಸಿಕೊಂಡು ಎನ್ನಬೇಕು. ಗೇರು ಬದಲಾಯಿಸುವಾಗಲೆಲ್ಲ ಅದು ಕಿರುಚುತ್ತಿದ್ದ ರೀತಿಗೆ ಬೀದಿಯ ನಾಯಿಗಳು ಎದ್ದು ಕುಳಿತವು. ಮೈಗೆ ಹೊಸದಾಗಿ ಹಸಿರು ಬಣ್ಣ ಬಳಿದಿದ್ದರು, ಬ್ರಷ್ಷಿನ ಗೆರೆಗಳು ಹಾಗೇ ಕಾಣುತ್ತಿದ್ದವು.

“ಕ್ಲಚ್ ಪೆಡಲ್ ನೋಡಿ ಅಕ್ಕ,” ಎಂದರು ನರ್ಸರಿಯವರು. “ಅಳ್ಳಾಡಿ ಅಳ್ಳಾಡಿ ಕೈಗೆ ಬರೋ ಹಾಗಿದೆ. ನೆಲ ಮುಟ್ಟೋವರೆಗೆ ತುಳಿದ್ರೂ ಗೇರು ನೆಟ್ಟಗೆ ಬೀಳಲ್ಲ. ಆಗೋದಾದ್ರೆ ಮಾಡಿ. ಆಗಲ್ಲ ಅಂದ್ರೆ ಗುಜರಿಗೆ ಹಾಕ್ತೀನಿ, ನನಗೂ ಸಾಕಾಗಿದೆ.”

ಅಕ್ಕ ಬಗ್ಗಿ ಪೆಡಲನ್ನು ಹಿಡಿದು ಅಲ್ಲಾಡಿಸಿದರು. ಅದು ಎಡಕ್ಕೂ ಬಲಕ್ಕೂ ಸಡಿಲ ಹಲ್ಲಿನಂತೆ ಓಲಾಡಿತು.

“ಇನ್ನೊಂದು,” ಎಂದರು ನರ್ಸರಿಯವರು. ಅವರು ಒಳ್ಳೆ ಕಂಬದಂಥ ಎತ್ತರದ ಮನುಷ್ಯ. “ಪೆಡಲ್ ಮೇಲೆ ಯಾರೋ ಪುಣ್ಯಾತ್ಮ ಇದೊಂದು ಕಬ್ಬಿಣದ ದಿಮ್ಮಿ ಅಂಟಿಸಿದ್ದಾನೆ. ತುಳಿದಾಗಲೆಲ್ಲ ಮಂಡಿ ಸ್ಟೀರಿಂಗಿಗೆ ಬಡಿಯುತ್ತೆ. ಅದನ್ನ ಕತ್ತರಿಸಿ ಬಿಸಾಕಿಬಿಡಿ.”

ಅಕ್ಕ ಆ ದಿಮ್ಮಿಯ ಮೇಲೆ ಕೈಯಿಟ್ಟರು. ಬೆಸುಗೆಯ ಉಬ್ಬುಗಳ ಮೇಲೆ ಬೆರಳಾಡಿಸಿದರು. ಆಮೇಲೆ ಉಗುರಿನಿಂದ ಹಸಿರು ಬಣ್ಣವನ್ನು ಸ್ವಲ್ಪ ಕೆರೆದರು. ಅಡಿಯಿಂದ ಮಾಸಿದ ಕೆಂಪು ಇಣುಕಿತು.

“ಬಿಟ್ಟು ಹೋಗಿ, ನೋಡಿ ಹೇಳ್ತೀನಿ,” ಎಂದರು. ಅಷ್ಟೇ.

ನರ್ಸರಿಯವರು ಹೋದ ಮೇಲೆ ಎಷ್ಟು ಹೊತ್ತಾದರೂ ಲೇತಿನ ಸದ್ದಿಲ್ಲ. ನಾನು ಹೊಲಿಗೆ ನಿಲ್ಲಿಸಿ ಕಿವಿಗೊಟ್ಟೆ.

“ರೀ, ಇದು ನಮ್ಮಪ್ಪನ ಗಾಡಿ,” ಎಂದರು ಅಕ್ಕ.

ಮೇಷ್ಟ್ರು ನಕ್ಕರು. “ಏ ಇವಳೇ, ಕೆಂಪು ಬಣ್ಣದ ಹಳೇ ಟ್ರ್ಯಾಕ್ಟರೆಲ್ಲ ನಿಮ್ಮಪ್ಪನದೇನೇ?”

“ಆ ದಿಮ್ಮೀನ ನನಗೋಸ್ಕರ ಅಪ್ಪ ಬೆಸೆದಿದ್ದು. ನನ್ನ ಕಾಲು ಎಟುಕ್ತಿರಲಿಲ್ಲ.”

ಮೇಷ್ಟ್ರ ನಗು ನಿಂತಿತು.

ಅಕ್ಕನ ತವರಿನ ಕಥೆ ಬೀದಿಯಲ್ಲಿ ಎಲ್ಲರಿಗೂ ಅಷ್ಟಿಷ್ಟು ಗೊತ್ತಿತ್ತು. ತಂದೆ ಬಾಡಿಗೆಗೆ ಉಳುಮೆ ಮಾಡುತ್ತಿದ್ದವರು. ಹುಡುಗಿಯಾಗಿದ್ದಾಗಲೇ ಮಗಳನ್ನು ಟ್ರ್ಯಾಕ್ಟರಿನ ಸೀಟಿಗೆ ಹತ್ತಿಸಿದ್ದರು. ಮದುವೆಯಾಗುವವರೆಗೆ ಅಕ್ಕ ಎಷ್ಟೋ ಜನರ ಹೊಲ ಉತ್ತಿದ್ದರಂತೆ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಸ್ಟೀರಿಂಗ್ ಮುಟ್ಟಲಿಲ್ಲ. ತಂದೆ ತೀರಿಕೊಂಡು ವರ್ಷ ತುಂಬುವ ಮೊದಲೇ ಅಕ್ಕನಿಗೆ ಒಂದು ಮಾತೂ ಹೇಳದೆ ಅವರ ತಮ್ಮ ಗಾಡಿ ಮಾರಿಬಿಟ್ಟ. ಹೊಲ ಮಾರಿದ್ದರೂ ಅಕ್ಕ ತುಟಿ ಬಿಚ್ಚುತ್ತಿರಲಿಲ್ಲವೇನೋ. ಗಾಡಿ ಮಾರಿದ್ದಕ್ಕೆ ಮಾತು ಬಿಟ್ಟರು. ಅಂದಿನಿಂದ ತವರಿಗೆ ಕಾಲಿಟ್ಟಿರಲಿಲ್ಲ.

ಆ ಮಧ್ಯಾಹ್ನ ಅಕ್ಕ ಪೆಡಲನ್ನು ಬಿಚ್ಚಲು ಕುಳಿತರು. ಬಿಚ್ಚಿದಷ್ಟೂ ಬೇರೆ ಬೇರೆ ಜನರ ಹಳೆಯ ಚಿಕಿತ್ಸೆಗಳು ಹೊರಬಂದವು. ಒಬ್ಬರು ತಂತಿ ಸುತ್ತಿದ್ದರು, ಇನ್ನೊಬ್ಬರು ವಾಷರ್ ಮೇಲೆ ವಾಷರ್ ತುರುಕಿದ್ದರು. ಪೆಡಲಿಗೆ ಅಚ್ಚಿನಂತಿರುವ, ತುಕ್ಕು ಹಿಡಿದ ಶಾಫ್ಟನ್ನು ಗ್ಯಾಸಿನ ಉರಿಯಿಂದ ಕಾಯಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ತಟ್ಟಿ ಎಳೆದರು. ಶಾಫ್ಟು ಒಂದೇ ಕಡೆ ಸವೆದಿತ್ತು. ಪೆಡಲಿನಲ್ಲಿ ಅದು ಕೂರುವ ತೂತು ದುಂಡಗಿರದೆ ಮೊಟ್ಟೆಯಂತಾಗಿತ್ತು. ತೂತಿನೊಳಗೆ, ಎಲ್ಲಕ್ಕಿಂತ ಆಳದಲ್ಲಿ, ಒಂದು ತಗಡಿನ ಪಟ್ಟಿ ಅಂಟಿಕೊಂಡಿತ್ತು. ಡಬ್ಬಿಯ ತಗಡು, ಕತ್ತರಿಯಲ್ಲಿ ಕತ್ತರಿಸಿದ್ದು.

ಮೇಷ್ಟ್ರು ಟೀ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ದನಿ ತಗ್ಗಿಸಿದರು. ಅವರು ದನಿ ತಗ್ಗಿಸಿದರೆ ಬೀದಿಯ ಈ ತುದಿಗೆ ಮಾತ್ರ ಕೇಳುತ್ತದೆ.

“ಹೀಗೆ ಮಾಡು. ಆಗಲ್ಲ ಅಂತ ಹೇಳಿಬಿಡು. ಪೆಡಲ್ ಕೂರೋ ಹೌಸಿಂಗ್ ಹೋಗಿದೆ, ಪಾರ್ಟು ಸಿಗಲ್ಲ ಅನ್ನು. ಅವನು ಹೇಗೂ ಗುಜರಿಗೆ ಹಾಕ್ತಾನಂತೆ. ನಾವೇ ತಗೊಳ್ಳೋಣ. ನಿಮ್ಮಪ್ಪನ ಗಾಡಿ ನಿನ್ನ ಮನೆ ಮುಂದೆ ನಿಲ್ಲುತ್ತೆ.”

 ಅದಕ್ಕೆ ಅಕ್ಕ ಮಾಮೂಲಿನ ‘ಹೂಂ ರೀ’ ಎನ್ನಲಿಲ್ಲ. ಮರುದಿನ ನರ್ಸರಿಯವರು ಫೋನು ಮಾಡಿದಾಗ “ಇನ್ನೂ ನೋಡ್ತಾ ಇದೀನಿ” ಎಂದರು. ಪೆಡಲು ಬೆಂಚಿನ ಮೇಲೆ ಹಾಗೇ ಬಿದ್ದಿತ್ತು. ಅಕ್ಕ ಬೇರೆ ಕೆಲಸ ಮಾಡುವರು, ನಡುನಡುವೆ ಹೊರಗೆ ಹೋಗಿ ಟ್ರ್ಯಾಕ್ಟರಿನ ದೊಡ್ಡ ಚಕ್ರಕ್ಕೆ ಒರಗಿ ನಿಲ್ಲುವರು. ನರ್ಸರಿಯವರು ಹೇಳಿದ್ದರೆಂದು ನಾನು ಅದರ ಸೀಟನ್ನು ಬಿಚ್ಚಲು ಹೋದಾಗ “ಇವತ್ತೊಂದಿನ ಇರಲಿ ಬಿಡಪ್ಪ” ಎಂದರು. ಹರಿದ ಸೀಟು, ಸ್ಪಂಜು ಹೊರಗೆ ಬಂದಿತ್ತು. ನಾನು ಹಿಂದಿರುಗಿದೆ.

ಅದರ ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಹೊತ್ತಿಗೆ ಲೇತು ತಿರುಗುತ್ತಿತ್ತು. ಮೇಷ್ಟ್ರು ಕುರ್ಚಿಯಲ್ಲಿ ಮುಖ ಊದಿಸಿಕೊಂಡು ಕುಳಿತಿದ್ದರು.

“ಕೇಳಿದ್ಯಾ, ನಿಮ್ಮಕ್ಕ ರಿಪೇರಿ ಮಾಡ್ತಾಳಂತೆ,” ಎಂದರು ನನಗೆ, ದೂರು ಕೊಡುವವರಂತೆ.

ಅಕ್ಕ ತಿರುಗಿ ನೋಡದೆ ಹೇಳಿದರು. “ಅಪ್ಪ ಸಾಯೋವರೆಗೂ ಈ ಸಡಿಲ ಪೆಡಲ್ ಜತೆ ಗುದ್ದಾಡಿದ್ರು. ಹಿಮ್ಮಡೀಲಿ ಒದ್ದು, ಗಾಡಿಗೆ ‘ಬಾರವ್ವ, ಇದೊಂದು ಸಾಲು ಮುಗಿಸಿಬಿಡು’ ಅಂತಿದ್ರು. ಬಿಡುವಾದಾಗ ಸರಿ ಮಾಡಿಸ್ತೀನಿ ಅಂತ ಹೇಳ್ತಾನೇ ಇದ್ರು. ಬಿಡುವೇ ಆಗಲಿಲ್ಲ. ಕೊನೆಗೆ ತಗಡು ತುರುಕಿದ್ದಾರೆ ನೋಡು. ಈಗ ಅದು ನನ್ನ ಬೆಂಚಿನ ಮೇಲಿದೆ. ನನ್ನ ಹತ್ರ ಲೇತಿದೆ. ಆಗಲ್ಲ ಅಂತ ಹೇಗೆ ಹೇಳಲಿ?”

ಆ ಕೆಲಸವನ್ನು ನಾನು ಹೋಗಿ ಹೋಗಿ ನೋಡಿದೆ. ಉದ್ದ ಕೈಯಿರುವ ಪೆಡಲನ್ನು ಲೇತಿಗೆ ಕಟ್ಟಿ ತಿರುಗಿಸುವುದು ಹುಡುಗಾಟವಲ್ಲ. ಎದುರು ಬದಿಗೆ ಭಾರ ಬಿಗಿದು, ತೀರ ನಿಧಾನವಾಗಿ ತಿರುಗಿಸುತ್ತ, ಮೊಟ್ಟೆಯಾಗಿದ್ದ ತೂತನ್ನು ಮತ್ತೆ ದುಂಡಗೆ ಕೊರೆದರು. ಗನ್‌ಮೆಟಲ್ಲಿನ ಬುಶ್ಶೊಂದನ್ನು, ಅಂದರೆ ತೂತಿನೊಳಗೆ ಕೂರುವ ಬಳೆಯನ್ನು, ಕಡೆದು ಒತ್ತಿದರು. ಹೊಸ ಶಾಫ್ಟು ಕಡೆದರು. ಗ್ರೀಸ್ ಹೋಗಲು ಬುಶ್ಶಿಗೂ ತೂತು ಹಾಕಬೇಕೆಂದು ಮೇಷ್ಟ್ರು ಮುನಿಸು ಮರೆತು ಕೂಗಿದರು. ಅಕ್ಕ ಅದನ್ನು ಆಗಲೇ ಹಾಕಿದ್ದರು; ಆದರೂ “ಹೂಂ ರೀ” ಎಂದರು.

ದಿಮ್ಮಿಯನ್ನು ಕತ್ತರಿಸುವುದು ಕೊನೆಗೆ ಉಳಿಯಿತು. ಅಂದು ಸಂಜೆ ಅಕ್ಕ ಬಾಗಿಲ ಹೊರಗೆ ನಿಂತು ಫೋನು ಮಾಡಿದರು. ಮಾತು ಚಿಕ್ಕದಾಗಿತ್ತು. “ನಾನು ಕಣೋ. ಅಪ್ಪನ ಗಾಡಿ ನನ್ನ ಅಂಗಡಿಗೆ ಬಂದಿದೆ. ನಾಳೆ ಹೋಗಿಬಿಡುತ್ತೆ. ನೋಡೋದಿದ್ರೆ ಬಾ.”

ಅಕ್ಕನ ತಮ್ಮ ಬೆಳಗಿನ ಮೊದಲ ಬಸ್ಸಿಗೇ ಬಂದ. ತಲೆ ಅರ್ಧ ನರೆತಿದ್ದ, ಅಕ್ಕನ ಮುಖವನ್ನೇ ಹೊತ್ತ ಗಂಡಸು. ಅವನು ಬಂದಾಗ ಅಕ್ಕ ಗ್ರೈಂಡರಿನಲ್ಲಿ ದಿಮ್ಮಿಯನ್ನು ಕತ್ತರಿಸುತ್ತಿದ್ದರು. ಕಿಡಿ ಹಾರುತ್ತಿತ್ತು. ಅದು ತುಂಡಾಗಿ ಬೀಳುವವರೆಗೆ ಅವನು ಹೊಸಿಲ ಮೇಲೆಯೇ ನಿಂತಿದ್ದ.

“ಕತ್ತರಿಸಿಬಿಟ್ಟೆಯಾ ಅಕ್ಕ?”

“ಗಿರಾಕಿ ಹೇಳಿದ್ದಾರೆ. ಅವರ ಗಾಡಿ.”

ಅವನು ಬಿಸಿಯಾಗಿದ್ದ ತುಂಡನ್ನು ಚಿಂದಿಬಟ್ಟೆಯಲ್ಲಿ ಎತ್ತಿಕೊಂಡ. “ನಾನೂ ಇದರ ಮೇಲೆ ಕಾಲಿಟ್ಟೇ ಕಲಿತಿದ್ದು.”

“ನನಗೆ ಅಂತ ಮಾಡಿದ್ದು ಅದು,” ಎಂದರು ಅಕ್ಕ, ಥೇಟ್ ಚಿಕ್ಕ ಹುಡುಗಿಯ ದನಿಯಲ್ಲಿ.

“ನಿನಗೆ ಅಂತಲೇ ಮಾಡಿದ್ದು. ನೀನು ಹೋದ ಮೇಲೆ ತೆಗೆದುಬಿಡಿ ಅಂದ್ರೆ ಅಪ್ಪ ಕೇಳಲಿಲ್ಲ. ‘ಮಗಳು ಬಂದಾಗ ಓಡಿಸ್ತಾಳೆ, ಇರಲಿ’ ಅಂದ್ರು. ನೀನು ಬರ್ತಿದ್ದೆ, ಊಟ ಮಾಡಿ ಹೋಗ್ತಿದ್ದೆ. ಗಾಡಿ ಹತ್ತಲೇ ಇಲ್ಲ.”

ಅಕ್ಕ ಗ್ರೈಂಡರನ್ನು ಕೆಳಗಿಟ್ಟರು. “ಅಪ್ಪ ಕರೀಲಿಲ್ಲವಲ್ಲೋ.”

“ನೀನು ಕೇಳಲಿ ಅಂತ ಅವರು ಕಾಯ್ತಿದ್ರು.”

 ಮಾತೆಂದರೆ ಪ್ರಾಣ ಬಿಡುವ ಮೇಷ್ಟ್ರು ಬೀದಿಯ ಕಡೆ ಮುಖ ತಿರುಗಿಸಿದರು. ಕೈಲಿದ್ದ ತುಂಡನ್ನು ಬೆಂಚಿನ ಮೇಲಿಟ್ಟು ತಮ್ಮ ಹೇಳಿದ. “ಅಪ್ಪ ಹೋದ ಮೇಲೆ ಗಾಡಿ ಅಂಗಳದಲ್ಲಿ ನಿಂತೇ ಇತ್ತು. ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಅದು ಎದುರಿಗೆ. ಇನ್ನೇನು ಅಪ್ಪ ಬಂದು ಹತ್ತುತ್ತಾರೆ ಅನ್ನೋ ಹಾಗೆ. ನನ್ನ ಕೈಲಿ ಆಗಲಿಲ್ಲ ಅಕ್ಕ. ನಿನಗೆ ಹೇಳಿದ್ರೆ ಬೇಡ ಅಂತೀಯ ಅಂತ ಗೊತ್ತಿತ್ತು.”

“ಬೇಡ ಅಂತಿದ್ದೆ,” ಎಂದರು ಅಕ್ಕ. “ಪೆಡಲ್ ಎತ್ತು. ಜೋಡಿಸೋಣ ಬಾ.”

ಇಬ್ಬರೂ ಸೇರಿ ಜೋಡಿಸಿದರು. ಪಿನ್ನು ಬದಲಾಯಿಸಿ, ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಸಲಾಕೆಯ ಉದ್ದ ಹೊಂದಿಸಿ, ಪೆಡಲಿಗೆ ಎಷ್ಟು ಸಡಿಲ ಬೇಕೋ ಅಷ್ಟನ್ನೇ ಉಳಿಸಿದರು. ನಾನು ಹೊಸ ಸೀಟು ತಂದು ಕೂರಿಸಿದೆ. ಓಡಿಸಿ ನೋಡಬೇಕಿತ್ತು. ಯಾರು ಓಡಿಸುವುದೆಂದು ಯಾರೂ ಕೇಳಲಿಲ್ಲ. ಅಕ್ಕ ಹತ್ತಿದರು. ದಿಮ್ಮಿ ಇಲ್ಲದ್ದಕ್ಕೆ ಸೀಟಿನ ತುದಿಗೆ ಜರುಗಿ, ಬೆರಳ ತುದಿಯಲ್ಲಿ ಕ್ಲಚ್ ತುಳಿದರು. ಮಡ್‌ಗಾರ್ಡಿನ ಮೇಲೆ ತಮ್ಮ ಕುಳಿತ. ಗೇರು ಚೂರೂ ಸದ್ದು ಮಾಡದೆ ಬಿತ್ತು.

ಬೀದಿಯ ಕೊನೆಯವರೆಗೆ ಹೋಗಿ ಬರುವುದೆಂದು ಹೊರಟವರು ಎಷ್ಟು ಹೊತ್ತಾದರೂ ಬರಲಿಲ್ಲ. ಅಷ್ಟರಲ್ಲಿ ನರ್ಸರಿಯವರು ಬಂದು ನನ್ನ ಅಂಗಡಿಯ ಮುಂದೆ ಕಾದು ನಿಂತರು. ಮೇಷ್ಟ್ರು ಅವರಿಗೆ ಕ್ಲಚ್ಚಿನ ಬಗ್ಗೆ ಒಂದು ಪಾಠವನ್ನೇ ಮಾಡಿದರು. ಕೊನೆಗೆ ಟ್ರ್ಯಾಕ್ಟರು ತಿರುವಿನಲ್ಲಿ ಕಾಣಿಸಿತು. ಅಕ್ಕನ ಕೂದಲು ಕೆದರಿತ್ತು. ತಮ್ಮ ಏನನ್ನೋ ಜೋರಾಗಿ ಹೇಳುತ್ತಿದ್ದ, ಅಕ್ಕ ನಗುತ್ತಿದ್ದರು. ಅಂಗಡಿಯ ಮುಂದೆ ನಿಲ್ಲಿಸಿದ ಮೇಲೂ ತಕ್ಷಣ ಇಳಿಯಲಿಲ್ಲ.

ನರ್ಸರಿಯವರು ಹತ್ತಿ ಕುಳಿತು ಪೆಡಲು ತುಳಿದರು. ಮತ್ತೆ ತುಳಿದರು. ಮುಖ ಅರಳಿತು. “ಏನಕ್ಕ ಇದು! ಬೆಣ್ಣೆ ಥರ ಇದೆಯಲ್ಲ!”

“ನಿಮಗೆ ಮಾರೋ ಯೋಚನೆ ಇದ್ರೆ...” ಎಂದರು ಅಕ್ಕ.  ಒಂದು ಹೆಜ್ಜೆ ಮುಂದೆ ಬಂದು, ಚಕ್ರದ ಮೇಲೆ ಕೈಯಿಟ್ಟು ಮತ್ತೆ ಹೇಳಿದರು. “ಮಾರೋದಿದ್ರೆ ನಾವು ತಗೋತೀವಿ. ಇದು ನಮ್ಮ ತಂದೆಯವರ ಗಾಡಿ.”

ನರ್ಸರಿಯವರು ಸ್ಟೀರಿಂಗಿನ ಮೇಲಿನ ಕೈ ತೆಗೆದು ಸ್ವಲ್ಪ ಯೋಚಿಸಿದರು. ಕೆಟ್ಟ ಮನುಷ್ಯರಲ್ಲ. “ನಿನ್ನೆ ಕೇಳಿದ್ರೆ ಕೊಟ್ಟುಬಿಡ್ತಿದ್ದೆ ಅಕ್ಕ. ಇವತ್ತು ಮನಸ್ಸು ಬರ್ತಿಲ್ಲ. ಇಷ್ಟು ಚೆನ್ನಾಗಿ ಮಾಡಿಕೊಟ್ಟಿದೀರಿ, ಇನ್ನು ಇದನ್ನ ಯಾಕೆ ಬಿಡಲಿ? ಯಾವತ್ತಾದ್ರೂ ಕೊಡೋ ಹಾಗಾದ್ರೆ ಮೊದಲು ನಿಮಗೇ ಹೇಳ್ತೀನಿ.”

“ಹೇಳಿ,” ಎಂದರು ಅಕ್ಕ. “ಗ್ರೀಸ್ ಹಾಕೋದು ಮರೀಬೇಡಿ.”

ಅದು ಹೋದ ಮೇಲೆ ಮೇಷ್ಟ್ರು ಹೆಂಡತಿಯನ್ನು ಬೈಯುತ್ತಾರೆಂದು ಕಾದೆ. ಅವರು ನಡುಗುವ ಕೈಯಿಂದಲೇ ಪಕ್ಕದ ಸ್ಟೂಲನ್ನು ಎಳೆದು “ಕೂತ್ಕೋ” ಎಂದರಷ್ಟೆ.

ಈಗ ಅಕ್ಕ–ತಮ್ಮ ಆಗಾಗ ಫೋನಿನಲ್ಲಿ ಮಾತಾಡುತ್ತಾರೆ. ತಗಡಿನಾಚೆಯಿಂದ ನನಗೆ ಅಕ್ಕನ ಮಾತಷ್ಟೇ ಕೇಳಿಸುತ್ತದೆ. ನಿನ್ನೆಯೂ ಕೇಳಿಸಿತು. “ಇಲ್ಲ ಕಣೋ, ನರ್ಸರಿಯವರು ಇನ್ನೂ ಫೋನ್ ಮಾಡಿಲ್ಲ... ಮಾಡ್ತಾರೆ, ಒಳ್ಳೆಯವರು... ನಿನ್ನ ಅಂಗಳದಲ್ಲಿ ಬೇಡ, ನಿನಗೆ ನೋಡಕ್ಕಾಗಲ್ಲ ಅಂತೀಯಲ್ಲ. ಇಲ್ಲೇ ನಿಲ್ಲಿಸೋಣ... ಜಾಗ ಇಲ್ಲ, ಗೊತ್ತು. ಈ ಲೇತನ್ನ ಆ ಗೋಡೆಗೆ ಜರುಗಿಸಿದ್ರೆ ಬಾಗಿಲ ಹತ್ರ ಸ್ವಲ್ಪ ಜಾಗ ಆಗುತ್ತೆ. ಮುಂದಿನ ಚಕ್ರ ಒಳಗೆ, ಹಿಂದಿನ ಚಕ್ರ ಹೊರಗೆ. ಮೇಲೊಂದು ಶೀಟು ಇಳಿಬಿಟ್ರೆ ಆಯ್ತು... ಹೂಂ. ಬಣ್ಣ ಕೆಂಪೇ ಹಾಕಿಸೋಣ.”