ಶರಣಪ್ಪನವರ ಒಂದು

ತೊಂಬತ್ತರ ದಶಕದಲ್ಲಿ ಸಿಂಧನೂರಿನ ಬಸ್‌ಸ್ಟ್ಯಾಂಡ್ ಹಿಂದೆ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಕಲಿಯಲು ಬಂದವರಲ್ಲಿ ಒಬ್ಬರಾದ ಶರಣಪ್ಪನವರು ತಾಲ್ಲೂಕು ಕಚೇರಿಯ ಟೈಪಿಸ್ಟ್, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು. ನಮ್ಮ ಸರ್ಟಿಫಿಕೇಟ್ ತರದಿದ್ದರೆ ಅವರನ್ನು ರೆಕಾರ್ಡ್ ರೂಮಿಗೆ ಹಾಕುವುದಾಗಿ ಮೇಲಿನವರು ಹೇಳಿದ್ದರು.

ಪರೀಕ್ಷೆ ಸರಳವಾಗಿತ್ತು. ಕೀಬೋರ್ಡಿನಲ್ಲಿ ಒತ್ತಿದ್ದು ಅಕ್ಷರವೋ, ಅಂಕಿಯೋ, ಚಿಹ್ನೆಯೋ ಎಂದು ಹೇಳುವ ಪ್ರೋಗ್ರಾಮು ಬರೆಯಬೇಕು. ಶರಣಪ್ಪನವರು ತಪ್ಪಿಲ್ಲದೆ ಬರೆದು, ನೋಡೋಣವೆಂದು ಒಂದರ ಅಂಕಿ ಒತ್ತಿದರು. ಕಂಪ್ಯೂಟರ್ ಅದನ್ನು ಅಕ್ಷರ ಎಂದಿತು. ಮತ್ತೆ ಒತ್ತಿದರು. ಮತ್ತೆ ಅಕ್ಷರ.

"ಇದಕ್ಕ ಒಂದು ಅಂದ್ರ ಏನಂತ ಗೊತ್ತಿಲ್ಲೇನ್ರೀ ಸರ?" ಎಂದರು.

ನಾನು ಅವರ ಬೆರಳು ನೋಡಿದೆ. ಅದು ಇಂಗ್ಲಿಷಿನ ಸಣ್ಣ ಎಲ್ ಮೇಲಿತ್ತು. ಅವರ ಹಳೆಯ ಇಂಗ್ಲಿಷ್ ಟೈಪ್‌ರೈಟರಿನಲ್ಲಿ ಒಂದಕ್ಕೆ ಬೇರೆ ಕೀ ಇರಲಿಲ್ಲ. ಸಣ್ಣ ಎಲ್ ಹೊಡೆದರೆ ಕಾಗದದ ಮೇಲೆ ಒಂದರಂತೆಯೇ ಕಾಣುತ್ತಿತ್ತು, ಅದೇ ಒಂದು.

"ಇಪ್ಪತ್ತು ವರ್ಸ ಹಿಂಗ ಹೊಡದೀನ್ರೀ. ತಹಸೀಲ್ದಾರ್ ಸಾಹೇಬ್ರು ಸುದ್ದಾ ಒಂದಂತ ಓದಿ ಸಹಿ ಮಾಡ್ಯಾರ."

ತಹಸೀಲ್ದಾರರು ಒಪ್ಪಿದ್ದನ್ನು ತಳ್ಳಿಹಾಕುವ ಅಧಿಕಾರ ನನಗಿರಲಿಲ್ಲ. ಎಲ್ ಕೂಡ ಅಂಕಿಯೇ ಎಂದು ಪ್ರೋಗ್ರಾಮಿನಲ್ಲಿ ಇನ್ನೊಂದು ಸಾಲು ಬರೆಸಿ ಪಾಸು ಮಾಡಿದೆ.

ಮುಂದಿನ ಬ್ಯಾಚಿನವರು ಆ ಸಾಲಿನ ಸಮೇತ ಅದನ್ನೇ ಕಾಪಿ ಹೊಡೆದರು. ಅವರನ್ನೂ ಪಾಸು ಮಾಡಬೇಕಾಯಿತು.