ತಿಕೋಟಾದವರು ಕಂಡ ಹಸಿರು

ವಿಜಯಪುರದ ಅಥಣಿ ರಸ್ತೆಯ ನನ್ನ ಲ್ಯಾಬಿನಲ್ಲಿ ಆ ಮಧ್ಯಾಹ್ನ ನಾವು ನಾಲ್ವರಿದ್ದೆವು. ಸೂಕ್ಷ್ಮದರ್ಶಕದ ಮುಂದೆ ನಾನು, ಸ್ಲೈಡಿಗೆ ಬಣ್ಣ ಹಾಕಿ ತಂದ ನಮ್ಮ ಟೆಕ್ನಿಷಿಯನ್, ಬೆಂಚಿನ ಮೇಲೆ ತಿಕೋಟಾದ ಯಜಮಾನರೊಬ್ಬರು, ಪಕ್ಕದಲ್ಲಿ ಅವರ ಹೆಂಡತಿ. ಯಜಮಾನರು ಒಣದ್ರಾಕ್ಷಿಯ ಹರಾಜು ಕೂಗುವವರು. ಅವರ ದನಿ ಕೇಳಿದರೆ ವ್ಯಾಪಾರಿಗಳು ಅರ್ಧ ಚಹಾ ಬಿಟ್ಟು ಎದ್ದು ಬರುತ್ತಿದ್ದರಂತೆ. ಈಗ ನಾಲಿಗೆ ದಪ್ಪಗಾಗಿ, ಅಂಚಿನಲ್ಲಿ ಹಲ್ಲಿನ ಗುರುತು ಮೂಡಿ, ಮಾತು ಬಾಯೊಳಗೇ ಹೊರಳುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ದೇಹ ತಾನೇ ತಯಾರಿಸಿದ ಕೆಟ್ಟ ಪ್ರೋಟೀನು ನಾಲಿಗೆಯಲ್ಲಿ ಕೂತಿರಬಹುದು, ಗುಂಡಿಗೆಯಲ್ಲೂ ಕೂತಿರಬಹುದು ಎಂಬುದು ಅವರ ವೈದ್ಯರ ಅನುಮಾನ. ಅದನ್ನು ತಿಳಿಯಲು ಮೊದಲು, ಅದು ಸುಲಭವಾಗಿ ಸಿಗುವ ಹೊಟ್ಟೆಯ ಕೊಬ್ಬು ನೋಡುತ್ತೇವೆ. ಹಿಂದಿನ ದಿನ ನಾನು ಸೂಜಿ ಹಿಡಿದಾಗಲೂ ಅವರ ನಗೆ ನಿಂತಿರಲಿಲ್ಲ.

"ಕೊಬ್ಬ ತಗೀತೀರೇನ್ರಿ ಡಾಕ್ಟರ? ಲಗ್ನ ಆದಾಗಿಂದ ಈಕಿ ಅದನ್ನ ಇಳಸ್ತೇನಿ ಅಂತ ಕುಂತಾಳ."

"ಸುಮ್ನ ಕುಂಡ್ರಿ," ಎಂದಿದ್ದರು ಹೆಂಡತಿ. "ನಾಲಗಿ ದಪ್ಪ ಆದ್ರೂ ಮಾತ ಸಣ್ಣ ಆಗವಲ್ದು."

ನಗುವ ಮನುಷ್ಯನ ಬ್ಯಾನಿ ತಡವಾಗಿ ತಿಳಿಯುತ್ತದೆ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು.

ಸ್ಲೈಡನ್ನು ಮೊದಲು ಸಾದಾ ಬೆಳಕಿನಲ್ಲಿ ನೋಡಿದೆ. ಬರೀ ಬಣ್ಣದ ಕೆಂಪು. ಆ ಬೆಳಕು ಏನನ್ನೂ ಖಚಿತವಾಗಿ ಹೇಳದು. ಸ್ಲೈಡಿನ ಕೆಳಗೊಂದು, ಮೇಲೊಂದು ಬೆಳಕನ್ನು ಸೋಸುವ ಧ್ರುವಕದ ಗಾಜು ಇರುತ್ತವೆ. ಮೇಲಿನದನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಬೆಳಕು ಸಾಯುತ್ತ ಬಂದು, ಕೊನೆಗೆ ಕಣ್ಣೆದುರು ಕತ್ತಲೆ. ಆ ಕತ್ತಲೆಯಲ್ಲಿ ನಾರುಗಳು ಬೆಳ್ಳಗೆ ಮಿನುಗಿದರೆ ಚಿಂತೆಯಿಲ್ಲ. ಅವು ಎಲ್ಲರಲ್ಲೂ ಇರುವಂಥವು.

ನಾನು ತಿರುಗಿಸಿದೆ. ಕತ್ತಲಾಯಿತು. ಕೊಬ್ಬಿನ ಕಣಗಳ ಸುತ್ತ ಹಸಿರು ಉರಿಯುತ್ತಿತ್ತು.

ಟೆಕ್ನಿಷಿಯನ್ ನನ್ನ ಭುಜದ ಬಿಗಿತ ನೋಡಿಯೇ ಫ್ಯಾನಿನ ಕಡೆ ಮುಖ ತಿರುಗಿಸಿದ.

"ಮಾಲ ನಂದು, ನಾ ನೋಡಬಾರದೇನ್ರಿ?" ಎನ್ನುತ್ತ ಯಜಮಾನರು ಎದ್ದು ಬಂದರು. ಕುರ್ಚಿ ಬಿಟ್ಟುಕೊಟ್ಟೆ. ಅವರು ಕಣ್ಣಿಟ್ಟರು.

"ಯಪ್ಪಾ! ಏನ ಹಸರರೀ ಇದು! ದ್ರಾಕ್ಷಿ ಒಣಗಿದ ಮ್ಯಾಲೂ ಇಷ್ಟ ಹಸರ ಉಳದ್ರ ಒಂದನೇ ನಂಬರ ಮಾಲ. ಹೂಂ, ಕೇಳ್ರಿ ರೇಟ!"

ಹರಾಜಿನ ಧಾಟಿಯಲ್ಲೇ ಕೂಗಲು ಹೋದರು. ದನಿ ಅರ್ಧದಲ್ಲೇ ತೊಡರಿತು.

ಹೆಂಡತಿ ಸೂಕ್ಷ್ಮದರ್ಶಕದ ಕಡೆ ನೋಡಿರಲೇ ಇಲ್ಲ, ನನ್ನನ್ನೇ ನೋಡುತ್ತಿದ್ದರು. "ಡಾಕ್ಟರ, ನೀವ್ಯಾಕ ನಗವಲ್ರಿ?"

"ಬೆಳ್ಳಗ ಇದ್ರ ಚಿಂತಿ ಇರಲಿಲ್ರಿ ಅಕ್ಕಾರ," ಎಂದೆ. "ಹಸರ ಇರಬಾರದಾಗಿತ್ತು."

ಯಜಮಾನರು ಮಸೂರದಿಂದ ಕಣ್ಣು ಎತ್ತಲಿಲ್ಲ. ಹಾಗೆಯೇ ಬಾಗಿಕೊಂಡು ಕೇಳಿದರು: "ಗುಂಡಗಿನ್ಯಾಗೂ ಇದ ಇರತೈತೇನ್ರಿ?"

"ಇರಬಹುದ್ರಿ. ನಾಳೆನ ಸೊಲ್ಲಾಪುರಕ್ಕ ಹೋಗಿ ಗುಂಡಿಗಿ ತೋರಸ್ರಿ."

ಮಾರನೆಯ ದಿನವೇ ಹೋದರು. ಗುಂಡಿಗೆಯ ಗೋಡೆಗಳು ದಪ್ಪಗಾಗಿದ್ದವು. ಅಲ್ಲಿಯೇ ಇಂಜೆಕ್ಷನ್ ಶುರುವಾದವು. ಉಸಿರಾಟ ಸ್ವಲ್ಪ ಹಗುರಾಗಿದೆ ಎಂದು ಹೆಂಡತಿ ಒಮ್ಮೆ ಫೋನು ಮಾಡಿ ತಿಳಿಸಿದ್ದರು. ಅದಾದ ಕೆಲವು ವಾರಗಳಿಗೆ, ಬಬಲೇಶ್ವರದ ಮಾವನ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯಲು ಎದ್ದ ಯಜಮಾನರು ಹಿತ್ತಲ ಬಾಗಿಲಲ್ಲಿ ಬಿದ್ದರು. ವಿಜಯಪುರಕ್ಕೆ ತರುವಷ್ಟರಲ್ಲಿ ಜೀವ ಹೋಗಿತ್ತು.