ಐಸಿನಲ್ಲಿಟ್ಟ ಬಿಸಿನೀರಿನ ಜೀವ

ನಮ್ಮ ಮನೆಯವರು ಫ್ರೀಮಾಂಟಿನ ಒಂದು ಸಣ್ಣ ಕಂಪನಿಯಲ್ಲಿ ವಿಜ್ಞಾನಿ. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಒಂದು ಕಿಣ್ವ ತೆಗೆದು, ಅದರ ಕೈಲಿ ಔಷಧಿಗೆ ಬೇಕಾದ ಅಮೈನೋ ಆಮ್ಲ ಮಾಡಿಸುವುದು ಅವರ ಕೆಲಸ. ನೀರು ಎಷ್ಟೇ ಕಾದರೂ ಆ ಕಿಣ್ವ ಜಪ್ಪಯ್ಯ ಅನ್ನುವುದಿಲ್ಲವಂತೆ. ಸಾರಿಗೆ ಚೂರು ಉಪ್ಪು ಹೆಚ್ಚಾದರೆ ಅಲ್ಲಾಡಿಹೋಗುವ ಮನುಷ್ಯನಿಗೆ ಇಂಥ ಗಟ್ಟಿ ಜೀವದ ಸಹವಾಸ ಒಳ್ಳೆಯದೇ ಅಂದುಕೊಂಡಿದ್ದೆ.

ಹೋದ ಚಳಿಗಾಲ ಆ ಗಟ್ಟಿ ಜೀವ ಕೈಕೊಟ್ಟಿತು. ತೆಗೆದ ದಿನ ಚುರುಕು, ಮಾರನೆಯ ದಿನ ಸತ್ತ ಹಾಗೆ. ಮೂರು ವಾರದಲ್ಲಿ ಹೂಡಿಕೆದಾರರು ನೋಡಲು ಬರುವವರಿದ್ದರು. ಅವರೆದುರು ಕೆಟ್ಟರೆ ಪ್ರಾಜೆಕ್ಟು ಮುಚ್ಚುತ್ತದೆ, ಇವರ ಕೆಲಸ ಹೋಗುತ್ತದೆ, ಅದರ ಹಿಂದೆಯೇ ವೀಸಾ. ತೊಂದರೆ ಏನೆಂದು ತಿಳಿಯಲು ಒಂದು ಮೀಟಿಂಗು. ಅದರಲ್ಲಿ ಏನೇನು ತಿಳಿಯಲಿಲ್ಲ ಅಂತ ಪಟ್ಟಿ ಮಾಡಲು ಇನ್ನೊಂದು. ಇವರು ರಾತ್ರಿಯೆಲ್ಲ ಮೀಟಿಂಗಿಗೆ ಸ್ಲೈಡು ಮಾಡಿ, ಬೆಳಿಗ್ಗೆ ಗುಂಡಿ ತಪ್ಪಿಸಿ ಹಾಕಿದ ಶರ್ಟಿನಲ್ಲೇ ಹೋಗಿಬರುತ್ತಿದ್ದರು.

ಒಂದು ಶನಿವಾರ ಮಗಳ ಜೊತೆ ಲ್ಯಾಬಿಗೆ ಊಟ ತೆಗೆದುಕೊಂಡು ಹೋದೆ. ಇವರು ಐಸು ತುಂಬಿದ ಬಕೆಟ್ಟಿನಲ್ಲಿ ಕಿಣ್ವದ ಪುಟ್ಟ ಟ್ಯೂಬುಗಳನ್ನಿಟ್ಟು, ಅದನ್ನು ಎಳೆಮಗುವಿನ ಹಾಗೆ ಹಿಡಿದು ಫ್ರಿಜ್ಜಿನತ್ತ ನಡೆಯುತ್ತಿದ್ದರು.

"ರೀ, ಬಿಸಿನೀರಲ್ಲಿ ಹುಟ್ಟಿದ್ದನ್ನ ಐಸಲ್ಲಿ ಯಾಕಿಡ್ತೀರಿ?"

"ಕಿಣ್ವ ಅಂದ್ರೆ ಐಸಲ್ಲೇ ಇಡೋದು ಕಣೇ."

"ಯಾರು ಹೇಳಿದ್ದು?"

"ಹೇಳೋದೇನು ಬಂತು? ಎಲ್ಲರೂ ಹಾಗೇ ಇಡ್ತಾರೆ. ಪಿಎಚ್‌ಡಿ ಕಾಲದಿಂದ ನಾನೂ ಹಾಗೇ ಇಡ್ತಿದ್ದೀನಿ."

ನಡುವೆ ಬಾಯಿ ಹಾಕಿದ್ದಕ್ಕೆ ಕಾನ್ವೆಂಟಿನ ಸಿಸ್ಟರು ಕಲಿಸಿದ ಹಾಗೆ 'ಸಾರಿ' ಅಂದು, ಡಬ್ಬಿ ಕೊಟ್ಟು ಬಂದೆ. ಕಾರು ಹತ್ತುವಾಗ ಮಗಳು, "ಅಮ್ಮ, ಹಿ ಡಿಡ್ನಾಟ್ ಆನ್ಸರ್ ಯು" ಅಂದಳು.

ಸೋಮವಾರ ಇವರು ಯಾರಿಗೂ ಹೇಳದೆ ಎರಡು ಟ್ಯೂಬನ್ನು ಮೇಜಿನ ಮೇಲೇ ಬಿಟ್ಟರಂತೆ. ಮಂಗಳವಾರ ಅವೆರಡೇ ಬದುಕಿದ್ದವು. ಬೆಚ್ಚಗಿದ್ದರೆ ಅಂಟಿಕೊಂಡಿರುವ ಕಿಣ್ವದ ತುಂಡುಗಳು ಚಳಿಗೆ ಬಿಡಿಬಿಡಿಯಾಗುತ್ತಿದ್ದವಂತೆ. ಹೂಡಿಕೆದಾರರು ಬಂದರು, ನೋಡಿದರು, ತಲೆದೂಗಿದರು. ಕೆಲಸ ಉಳಿಯಿತು.

ಸರಟೋಗಾದ ತಮ್ಮ ಮನೆಯಲ್ಲಿ ಬಾಸು ಪಾರ್ಟಿ ಕೊಟ್ಟು, ಇವರ ಒಳನೋಟವನ್ನು ಹತ್ತು ನಿಮಿಷ ಹೊಗಳಿದರು. ಇವರು ತಮ್ಮ ಬೂಟನ್ನೇ ನೋಡುತ್ತಾ ನಿಂತಿದ್ದರು. ಮೈಸೂರಿನವರಾದ ಬಾಸಿನ ಹೆಂಡತಿ ನನ್ನ ಪಕ್ಕ ಬಂದು, "ನಿಮಗೆ ಈ ಸೈನ್ಸೆಲ್ಲಾ ಬೋರು, ಅಲ್ವಾ?" ಅಂದರು. "ಅಯ್ಯೋ, ಇಲ್ಲಪ್ಪ" ಅಂದೆ.

ವಾಪಸು ಬರುವಾಗ ಫ್ರೀವೇಯಲ್ಲಿ ಇವರು ಗಂಟಲು ಸರಿಮಾಡಿಕೊಂಡರು.

"ಮುಂದಿನ ತಿಂಗಳು ಇನ್ನೊಂದು ಕಿಣ್ವ ಬರ್ತಿದೆ. ಅದನ್ನ ಎಲ್ಲಿಡೋದು ಅಂತೀಯ?"

"ಸ್ಲೈಡು ಮಾಡ್ಕೊಂಡು ಬನ್ನಿ, ನೋಡೋಣ" ಅಂದೆ.